ಬಂಡೆ ಕಡಿದ ದಾರಿಯಲ್ಲಿ ಬೈಸಿಕಲ್ಲು

ಜುಲೈ ತಿಂಗಳು ಬಂತೆಂದರೆ, ವಾರ್ತೆಗಳ ಕೊನೆಯಲ್ಲಿ ಕ್ರಿಕೆಟ್ಟು ಟೆನ್ನಿಸುಗಳ ಸುದ್ದಿ ಮುಗಿದ ಮೇಲೆ, ಫ್ರಾನ್ಸ್ ದೇಶವನ್ನು ಸುತ್ತುವ ಬೈಸಿಕಲ್ ಪಂದ್ಯದ ವಿಚಾರ ಒಂದೋ ಎರಡೋ ವಾಕ್ಯಗಳಲ್ಲಿ ಬಂದು ಹೋಗುವುದುಂಟು. ಇಂಥವನು ಇಂಥ ಪರ್ವತದಲ್ಲಿ ಮುಂದಾದನೆಂದು ವಾರ್ತೆ ಓದುವವರು ಹೇಳುತ್ತಾರೆ, ನಾವು ಕೇಳುತ್ತೇವೆ, ಅಷ್ಟರಲ್ಲಿ ಹವೆಯ ವರದಿ ಬರುತ್ತದೆ. ಆದರೆ ಕೇಳಿದವರಲ್ಲಿ ಕೆಲವರಿಗಾದರೂ ಒಂದು ಸಂದೇಹ ಹುಟ್ಟದಿರದು. ಊರ ಕೆರೆಯ ಏರಿಯನ್ನು ಹತ್ತಬೇಕಾದರೂ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವವರು ನಾವು. ಸಾವಿರ ಮೀಟರಿನ ಬೆಟ್ಟವನ್ನು ಕೇವಲ ಕಾಲುಗಳ ಬಲದಿಂದ, ಕೆಳಗೆ ಇಳಿಯದೆ, ಮನುಷ್ಯನು ಹತ್ತುವುದಾದರೂ ಹೇಗೆ? ಪಂದ್ಯಗಾರರ ಮಾತು ಬೇರೆ ಎನ್ನೋಣ. ಅಲ್ಲಿ ಗುಮಾಸ್ತರು, ಉಪಾಧ್ಯಾಯರು, ಮಕ್ಕಳೊಂದಿಗರಾದ ಗೃಹಸ್ಥರು ಸಹ ರಜಾದಿನಗಳಲ್ಲಿ ಇದೇ ಕೆಲಸ ಮಾಡುತ್ತಾರಂತೆ. ಅವರಿಗೆ ಬಹುಮಾನವಿಲ್ಲ, ಬಿರುದಿಲ್ಲ. ಮತ್ತೆ ಏತಕ್ಕೆ?

ಈ ಎರಡು ಪ್ರಶ್ನೆಗಳಿಗೂ ಉತ್ತರ ಹೇಳಬಲ್ಲ ಒಂದು ಸೀಮೆ ಫ್ರಾನ್ಸಿನ ಆಗ್ನೇಯ ಭಾಗದಲ್ಲಿದೆ. ಅದರ ಹೆಸರು ವೆರ್ಕೋರ್. ಗ್ರೆನೋಬ್ಲ್ ನಗರದ ನೈರುತ್ಯಕ್ಕೆ, ಆಲ್ಪ್ಸ್ ಪರ್ವತಗಳ ಹೊರಗೋಡೆಯಂತೆ ಎದ್ದಿರುವ ಸುಣ್ಣಕಲ್ಲಿನ ಪ್ರಸ್ಥಭೂಮಿ ಅದು. ಉತ್ತರ ದಕ್ಷಿಣವಾಗಿ ಸುಮಾರು 60 ಕಿಲೋಮೀಟರು ಚಾಚಿಕೊಂಡಿದೆ. ಎಲ್ಲಕ್ಕೂ ಎತ್ತರವಾದ ಗ್ರಾಂ ವೇಮೋಂ ಎಂಬ ಶಿಖರ 2,341 ಮೀಟರು. ಆಲ್ಪ್ಸ್ ಎಂದೊಡನೆ ಕಣ್ಣಿಗೆ ಕಟ್ಟುವ ಹಿಮದ ಗೋಪುರಗಳು ಇಲ್ಲಿಲ್ಲ. ಒಂದು ಮಹಾದುರ್ಗವನ್ನು ನೆನೆಸಿಕೊಳ್ಳಿ. ಸುತ್ತಲೂ ಕಡಿದಾದ ಬಂಡೆಗೋಡೆ. ಗೋಡೆಯ ಮೇಲೆ ಕಾಡು, ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಹಳ್ಳಿ. ಗೋಡೆಯ ಬುಡದಲ್ಲಿ ಆಕ್ರೋಟಿನ ತೋಪುಗಳಿರುವ ಬೆಚ್ಚನೆಯ ತಗ್ಗುನಾಡು. ಪಶ್ಚಿಮದ ಬುಡದಲ್ಲಿರುವ ಈ ತಗ್ಗುನಾಡಿಗೆ ರ್ವಾಯಾಂ ಎಂದು ಹೆಸರು. ಮೇಲಿಂದ ಕೆಳಕ್ಕೆ ಬರಬೇಕಾದ ನೀರು ಆ ಗೋಡೆಯನ್ನು ಸಹಸ್ರಾರು ವರ್ಷ ಕೊರೆದು ಕೊರೆದು ಕೊರಕಲುಗಳನ್ನು ಮಾಡಿಕೊಂಡಿದೆ. ಗಿರಿದರಿ ಎಂಬ ಜೋಡುಮಾತನ್ನು ಹಳೆಯ ಕಾವ್ಯಗಳಲ್ಲಿ ಓದುತ್ತೇವಲ್ಲ, ಅದರಲ್ಲಿ ಗಿರಿ ನಮಗೆಲ್ಲ ಪರಿಚಿತ, ದರಿ ಎಂದರೇನೆಂದು ಕೇಳಿದರೆ ವಿದ್ಯಾರ್ಥಿಗಳು ತಲೆ ಕೆರೆದುಕೊಳ್ಳುತ್ತಾರೆ. ವೆರ್ಕೋರಿನ ಚಿತ್ರವೊಂದನ್ನು ತೋರಿಸಿದರೆ ಬೇರೆ ವ್ಯಾಖ್ಯಾನ ಬೇಡ. ಫ್ರೆಂಚರು ಇಂಥ ಕೊರಕಲಿಗೆ ಗೋರ್ಜ್ ಎನ್ನುತ್ತಾರೆ. ಆ ಶಬ್ದದ ಮೂಲಾರ್ಥ ಗಂಟಲು. ಬೆಟ್ಟದ ಗಂಟಲು! ಕಲ್ಪನೆ ಚೆನ್ನಾಗಿದೆ. ಆದರೆ ನೀರೇ ಕೊರೆದದ್ದೆಂಬ ಸತ್ಯವನ್ನು ಹೆಸರಿನಲ್ಲೇ ಇಟ್ಟುಕೊಂಡಿರುವ ನಮ್ಮ ಕೊರಕಲು ಅದಕ್ಕೆ ಕಡಮೆಯೇನಲ್ಲ.

ಸುಣ್ಣಕಲ್ಲಿಗೆ ಒಂದು ಸ್ವಭಾವವುಂಟು. ಮಳೆಯ ನೀರಿನಲ್ಲಿ ಅದು ನಿಧಾನವಾಗಿ ಕರಗುತ್ತದೆ. ಆದ್ದರಿಂದ ವೆರ್ಕೋರಿನ ಮೇಲ್ಭಾಗದಲ್ಲಿ ಎಷ್ಟು ಮಳೆ ಬಿದ್ದರೂ ನೀರು ಬಿರುಕುಗಳಲ್ಲಿ ಇಂಗಿ ಮಾಯವಾಗಿ, ಭೂಗರ್ಭದ ಗವಿಗಳಲ್ಲಿ ಹರಿದು, ನೂರಾರು ಮೀಟರು ಕೆಳಗೆ ಎಲ್ಲೋ ಒಂದು ಕಡೆ ಊಟೆಯಾಗಿ ಚಿಮ್ಮುತ್ತದೆ. ಶೋರಾಂಶ್ ಎಂಬಲ್ಲಿನ ಗವಿಯಲ್ಲಿ ಚಾವಣಿಯಿಂದ ಟೊಳ್ಳಾದ ಸುಣ್ಣದ ಕಡ್ಡಿಗಳು ಇಳಿಬಿದ್ದಿವೆ. ಹುಲ್ಲಿನ ದಂಟಿನಷ್ಟು ಸಣ್ಣ, ಉದ್ದ ಮಾತ್ರ ಕೆಲವು ಕಡೆ 3 ಮೀಟರಿನವರೆಗೂ. ಇದೇ ಸೀಮೆಯ ಬೆರ್ಜೆ ಎಂಬ ಗವಿಯಲ್ಲಿ 1956ರಲ್ಲಿ ಶೋಧಕರು ಸಾವಿರ ಮೀಟರಿಗಿಂತಲೂ ಆಳಕ್ಕೆ ಇಳಿದರು. ಅಷ್ಟು ಆಳದ ಗವಿ ಪ್ರಪಂಚದಲ್ಲಿ ಅದುವರೆಗೆ ಯಾರಿಗೂ ತಿಳಿದಿರಲಿಲ್ಲ. ಸೈಕಲ್ ಸವಾರನಿಗೆ ಇದರಿಂದಾಗುವ ಫಲವೇನೆಂದರೆ, ಕಾಲಿನ ಕೆಳಗೆ ನದಿಗಳೇ ಹರಿಯುತ್ತಿದ್ದರೂ ಮೇಲಿನ ಕಾಡುದಾರಿಯಲ್ಲಿ ಗುಟುಕು ನೀರು ಸಿಗದು. ಹಳ್ಳಿ ಬಂದಾಗ ಅಲ್ಲಿನ ನಲ್ಲಿಯಲ್ಲಿ ಸೀಸೆಗಳನ್ನು ತುಂಬಿಕೊಂಡು ಮುಂದೆ ಹೋಗಬೇಕು.

ಈಗ ದಾರಿಯ ವಿಚಾರ. ಕತೆಯ ಜೀವ ಇರುವುದು ಇಲ್ಲಿಯೇ.

ಮೇಲೆ ಕಾಡು ಇದೆ, ಮರ ಇದೆ, ಹಾಲು ಬೆಣ್ಣೆ ಇದೆ, ಕೊಳ್ಳುವವರು ಕೆಳಗಿದ್ದಾರೆ. ನಡುವೆ ಬಂಡೆಗೋಡೆ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಹೇಸರಗತ್ತೆಗಳು ಹೋಗುವಂಥ ಕಾಲುದಾರಿಗಳಲ್ಲದೆ ಅಲ್ಲಿ ಬೇರೆ ಮಾರ್ಗವಿರಲಿಲ್ಲ. ಇಡೀ ಮರದ ದಿಮ್ಮಿಯನ್ನು ಹೇಸರಗತ್ತೆಯ ಬೆನ್ನ ಮೇಲೆ ತರುವುದು ಸಾಧ್ಯವೇ? ಹೀಗಾಗಿ ಆ ಜನ ಬಂಡೆಯನ್ನೇ ಕಡಿಯಲು ತೊಡಗಿದರು. ವೆರ್ನೇಜೋನ್ ನದಿಯ ಕೊರಕಲಿನಲ್ಲಿ ಗ್ರಾಂ ಗೂಲೆ ಎಂಬ ಅತಿ ಇಕ್ಕಟ್ಟಾದ ಸ್ಥಳವಿದೆ. ಎರಡು ಬಂಡೆಗಳ ನಡುವೆ ನದಿಗೇ ಜಾಗ ಸಾಲದು. ಅಲ್ಲಿ ಮಾರ್ಗ ಸಿದ್ಧವಾದದ್ದು 1851ರಲ್ಲಿ. ಡೈನಮೈಟು ಇನ್ನೂ ಹುಟ್ಟದ ಕಾಲ ಅದು. ಕೂಲಿಯವರು ಮೇಲಿನಿಂದ ಹಗ್ಗ ಕಟ್ಟಿಕೊಂಡು ಇಳಿದು, ಗಾಳಿಯಲ್ಲಿ ತೂಗಾಡುತ್ತ ಬಂಡೆಗೆ ತೂತು ಕೊರೆದು, ಕರಿಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ, ಸಿಡಿಯುವುದರೊಳಗೆ ದೂರ ಸರಿದುಕೊಳ್ಳಬೇಕಾಗಿತ್ತು. ಬೂರ್ನ್ ನದಿಯ ಕೊರಕಲಿನ ಮಾರ್ಗ 1861ರಿಂದ 1872ರವರೆಗೆ ನಡೆಯಿತು. ಲಾಂತ್ ಎಂಬ ದೊಡ್ಡ ಕಾಡಿನಿಂದ ದಿಮ್ಮಿಗಳನ್ನು ಇಳಿಸುವುದಕ್ಕಾಗಿ ಕೋಂಬ್ ಲವಾಲ್ ಎಂಬ ಪ್ರಪಾತದ ಅಂಚಿನಲ್ಲಿ ಕಡಿದ ಮಾರ್ಗಕ್ಕೆ 1861ರಲ್ಲಿ ಕೈಯಿಟ್ಟರು, ಮುಗಿದದ್ದು 1898ರಲ್ಲಿ. ಅಪ್ಪ ಆರಂಭಿಸಿದ ಕೆಲಸವನ್ನು ಮಗ ಮುಗಿಸುವಷ್ಟು ಕಾಲ.

ಈ ತಾರೀಖುಗಳನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಆಗ ಮೋಟಾರು ಇರಲಿಲ್ಲ, ಅಥವಾ ಇದ್ದರೂ ಆ ಬೆಟ್ಟಕ್ಕೆ ಬಂದಿರಲಿಲ್ಲ. ದಿಮ್ಮಿ ಹೇರಿದ ಗಾಡಿಯನ್ನು ಎತ್ತು ಕುದುರೆಗಳು ತಡೆದು ಇಳಿಸಬೇಕು, ಬರಿ ಗಾಡಿಯನ್ನು ಎಳೆದು ಹತ್ತಿಸಬೇಕು. ಆದ್ದರಿಂದ ಎಂಜಿನಿಯರುಗಳು ಪ್ರಾಣಿಯ ಹೆಗಲಿಗೆ ತಕ್ಕಂತೆ ಏರನ್ನು ಅಳೆದರು. ಬೆಟ್ಟ ಎಷ್ಟೇ ಕಡಿದಾಗಿರಲಿ, ದಾರಿಯನ್ನು ಬಳಸಿ ಬಳಸಿ ಉದ್ದ ಮಾಡಿ, ಏರನ್ನು ಸೌಮ್ಯವಾಗಿಟ್ಟರು. ರ್ವಾಯಾಂ ತಗ್ಗಿನ ಸ್ಯಾಂ ಜಾಂ ಎಂಬ ಪೇಟೆಯಿಂದ ಹೊರಟು ಕೋಂಬ್ ಲವಾಲಿನ ದಾರಿ ಸುಮಾರು 12 ಕಿಲೋಮೀಟರು ನಡೆದು, ಕೋಲ್ ದ ಲಾ ಮಶೀನ್ ಎಂಬ ಕಣಿವೆಬಾಗಿಲನ್ನು 1,011 ಮೀಟರು ಎತ್ತರದಲ್ಲಿ ಮುಟ್ಟುತ್ತದೆ. ಅಷ್ಟರಲ್ಲಿ ಅದು ಏರಿರುವುದು ಸುಮಾರು 750 ಮೀಟರು. ಎಂದರೆ ನೂರು ಮೀಟರು ಮುಂದೆ ಹೋದರೆ ಆರು ಮೀಟರು ಮೇಲೆ. ಎತ್ತಿಗೆಂದು ಅಳೆದಿಟ್ಟ ಈ ಏರೇ ಇಂದು ಸೈಕಲ್ ಸವಾರನ ಭಾಗ್ಯವಾಗಿದೆ. ಮೋಟಾರಿಗೆಂದೇ ಮಾಡಿದ ದಾರಿಯಾಗಿದ್ದರೆ ಅದು ನೇರವಾಗಿ, ಕಡಿದಾಗಿ ಹೋಗುತ್ತಿತ್ತು, ಕಾಲಿನವನಿಗೆ ದಕ್ಕುತ್ತಿರಲಿಲ್ಲ.

ಸೌಮ್ಯವೆಂದೆ. ಎಷ್ಟು ಸೌಮ್ಯ? ಲೆಕ್ಕ ಹಾಕಿ ನೋಡಿ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ತೂಕವೆನ್ನೋಣ. ಆ ತೂಕವನ್ನು 750 ಮೀಟರು ಮೇಲಕ್ಕೆತ್ತಬೇಕು. 10 ಮೀಟರು ಆಳದ ಬಾವಿಯಿಂದ 15 ಕಿಲೋ ತೂಗುವ ನೀರಿನ ಕೊಡವನ್ನು ಸೇದುವ ಕೆಲಸಕ್ಕೆ ಇದನ್ನು ಹೋಲಿಸಿದರೆ, ಸರಿಯಾಗಿ 400 ಕೊಡಗಳಾಗುತ್ತವೆ. ಮನೆಯಲ್ಲಿ ಸೇದುವ ಬಾವಿ ಕಂಡ ಹೆಂಗಸರನ್ನು ಕೇಳಿ. 400 ಕೊಡವೆಂದರೆ ಏನೆಂಬುದನ್ನು ಅವರು ನನಗಿಂತ ಚೆನ್ನಾಗಿ ಹೇಳಿಯಾರು. ಮದುವೆಯ ಮನೆಯ ಮೂರು ದಿನದ ನೀರು ಅದು! ಇಷ್ಟನ್ನು ಒಂದೂವರೆ ಗಂಟೆಯಲ್ಲಿ ಮುಗಿಸುವವನು ಸಾಧಾರಣ ಸವಾರ. ಪಂದ್ಯಗಾರನಿಗೆ ಅದರಲ್ಲಿ ಅರ್ಧ ಹೊತ್ತು ಸಾಕು.

ಹಾಗಾದರೆ ಕೆರೆಯ ಏರಿಯಲ್ಲಿ ನಮ್ಮ ಕಾಲು ಸೋಲುವುದೇಕೆ? ಬಲ ಸಾಲದೆ ಅಲ್ಲ, ಹಲ್ಲಿನ ಲೆಕ್ಕ ಸರಿಯಿಲ್ಲದೆ. ನಮ್ಮ ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇವೆಯೆನ್ನಿ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿ ಎರಡೂವರೆ ಸುತ್ತಿನಷ್ಟು ತಿರುಗಿ, ಗಾಡಿ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಸಮನೆಲದಲ್ಲಿ ಇದು ಅನುಕೂಲ. ಏರಿನಲ್ಲಿ ಗಂಟೆಗೆ 8 ಕಿಲೋಮೀಟರಿನಂತೆ ಹೋಗುವಾಗ ಮಾತ್ರ, ನಿಮಿಷಕ್ಕೆ ಇಪ್ಪತ್ತೈದೇ ಸುತ್ತು ಬರುತ್ತದೆ. ಒಂದೊಂದು ಸುತ್ತಿಗೂ ಮೈಭಾರವೆಲ್ಲವನ್ನೂ ಹಾಕಿ ತುಳಿಯಬೇಕು. ಮಂಡಿ ನೋಯುವುದು ಆಗಲೇ. ಮುಂದೆ 34, ಹಿಂದೆಯೂ 34 ಹಲ್ಲು ಮಾಡಿದರೆ? ಪೆಡಲಿನ ಒಂದು ಸುತ್ತಿಗೆ ಗಾಲಿಯದೂ ಒಂದೇ ಸುತ್ತು, ಎರಡು ಮೀಟರು ಚಿಲ್ಲರೆ. ಅದೇ ವೇಗಕ್ಕೆ ಈಗ ನಿಮಿಷಕ್ಕೆ ಅರವತ್ತಕ್ಕೂ ಹೆಚ್ಚು ಸುತ್ತು ತಿರುಗಿಸಬೇಕು, ಆದರೆ ಪ್ರತಿ ಸುತ್ತೂ ಹಗುರ. ಒಟ್ಟು ಕೆಲಸದಲ್ಲಿ ಎಳ್ಳಷ್ಟೂ ಕಡಮೆಯಾಗಿಲ್ಲ; ನಾನೂರು ಕೊಡ ನಾನೂರೇ. ದೊಡ್ಡ ಕೊಳಗವನ್ನು ಬಿಟ್ಟು ಚೊಂಬಿನಲ್ಲಿ ಸೇದಿದಂತೆ, ಅಷ್ಟೆ.

ಸಮನೆಲಕ್ಕೊಂದು, ಏರಿಗೊಂದು ಎಂದು ಹಲ್ಲುಗಳನ್ನು ಬದಲಾಯಿಸುವ ಈ ಉಪಾಯಕ್ಕಾಗಿ ಜೀವಮಾನವಿಡೀ ಹೋರಾಡಿದ ಪುಣ್ಯಾತ್ಮನೊಬ್ಬನು ವೆರ್ಕೋರಿಗೆ ಬಹು ದೂರವಲ್ಲದ, ರೋನ್ ನದಿಯ ಆಚೆಯ ಸ್ಯಾಂತೆತ್ಯೆನ್ ಪಟ್ಟಣದಲ್ಲಿದ್ದನು. ಹೆಸರು ಪೋಲ್ ದ ವಿವಿ; ಹುಟ್ಟಿದ್ದು 1853ರಲ್ಲಿ. ಮೊದಲು ರೇಷ್ಮೆ ವ್ಯಾಪಾರಿ. ಸೈಕಲ್ಲಿನ ಹುಚ್ಚು ಹಿಡಿದ ಮೇಲೆ ಅದೇ ವ್ಯಾಪಾರಕ್ಕೆ ಇಳಿದು, 1887ರಲ್ಲಿ ಸೈಕಲ್ ಸವಾರರಿಗೆಂದೇ ಒಂದು ಮಾಸಪತ್ರಿಕೆ ಹೊರಡಿಸಿದನು. ವೆಲೊಸಿಯೊ ಎಂಬ ಅಂಕಿತದಿಂದ ಬರೆಯುತ್ತಿದ್ದನು. ಬೆಟ್ಟಗಳ ನಡುವೆ ವಾಸಿಸುವವನಿಗೆ ಒಂದೇ ಹಲ್ಲಿನ ಸೈಕಲ್ಲು ಎಷ್ಟು ಪ್ರಯೋಜನ? ಎರಡು ಚೈನು ಹಾಕಿ ನೋಡಿದನು, ಹಲವು ಚಕ್ರಗಳನ್ನು ಕೂಡಿಸಿ ನೋಡಿದನು, ತಾನೇ ಬೆಟ್ಟ ಹತ್ತಿ ಪರೀಕ್ಷಿಸಿ ಪತ್ರಿಕೆಯಲ್ಲಿ ಬರೆದನು. ಅವನಂಥವರ ಪ್ರಯತ್ನದಿಂದ ಮುಂದೆ ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಜಾರಿಸುವ ಯಂತ್ರ ಬಳಕೆಗೆ ಬಂತು. ಅದಕ್ಕೆ ಡಿರೇಲರು ಎಂಬ ಹೆಸರು ಬಂದದ್ದು ರೈಲು ಹಳಿ ತಪ್ಪುವುದಕ್ಕೆ ಫ್ರೆಂಚರು ಆಡುವ ಮಾತಿನಿಂದ. ಹಳಿ ತಪ್ಪಿಯೂ ಊರು ಸೇರಿಸುವುದು ಪ್ರಪಂಚದಲ್ಲಿ ಇದೊಂದೇ ಇರಬೇಕು.

ತಮಾಷೆಯೆಂದರೆ, ಫ್ರಾನ್ಸಿನ ಆ ಮಹಾಪಂದ್ಯವನ್ನು 1903ರಲ್ಲಿ ಆರಂಭಿಸಿದ ಆನ್ರಿ ದೆಗ್ರಾಂಜ್‌ಗೆ ಇದು ಹಿಡಿಸಲಿಲ್ಲ. ಇಂಥ ಅನುಕೂಲಗಳೆಲ್ಲ 45 ವರ್ಷ ದಾಟಿದವರಿಗೆ ಎಂದು ಅವನು ಹೇಳಿದನೆಂದು ಪ್ರತೀತಿ. ಈ ಲೇಖಕನು ಆ ಎಲ್ಲೆಯನ್ನು ದಾಟಿ ಕೆಲವು ವರ್ಷಗಳಾಗಿರುವುದರಿಂದ ಅದನ್ನು ಅನುಮತಿಯೆಂದೇ ಭಾವಿಸುತ್ತಾನೆ. ಪಂದ್ಯದಲ್ಲಿ ಎಲ್ಲರಿಗೂ ಡಿರೇಲರು ಬಳಸಲು ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ವೆಲೊಸಿಯೊ ಅದನ್ನು ನೋಡಲಿಲ್ಲ. 1930ರಲ್ಲಿ ತನ್ನ ಊರಿನ ಬೀದಿಯಲ್ಲಿಯೇ ಟ್ರಾಮು ಬಡಿದು ಅವನು ತೀರಿಕೊಂಡಿದ್ದನು.

ಅವನು ಸವಾರರಿಗೆ ಬರೆದಿಟ್ಟ ನಿಯಮಗಳು ಮಾತ್ರ ಇಂದಿಗೂ ಬಾಯಿಂದ ಬಾಯಿಗೆ ಹರಿದಾಡುತ್ತಿವೆ. ಹಸಿವಾಗುವ ಮುಂಚೆ ಉಣ್ಣಬೇಕು, ಬಾಯಾರುವ ಮುಂಚೆ ಕುಡಿಯಬೇಕು, ಚಳಿಯಾಗುವ ಮುಂಚೆ ಹೊದೆಯಬೇಕು ಎಂಬುದು ಅವುಗಳ ಸಾರ. ಮದ್ಯ, ಮಾಂಸ, ಹೊಗೆಸೊಪ್ಪುಗಳನ್ನು ದಾರಿಯಲ್ಲಾದರೂ ದೂರವಿಡಬೇಕೆಂದಿದ್ದಾನೆ, ಸ್ವತಃ ಶಾಕಾಹಾರಿ. ಇನ್ನೊಂದು ನಿಯಮ ನನಗೆ ಎಲ್ಲಕ್ಕಿಂತ ಹೆಚ್ಚು ಒಪ್ಪಿಗೆಯಾಯಿತು: ಒಣ ಪ್ರತಿಷ್ಠೆಗಾಗಿ ಪೆಡಲು ತುಳಿಯಬಾರದು. ಇಂಥವನಿಗೆ ರ್ವಾಯಾಂ ನಾಡಿನ ತಿಂಡಿ ಒಗ್ಗಿರಬೇಕು. ಬೆರಳುಗುರಿನಷ್ಟು ಪುಟ್ಟ ಹಿಟ್ಟಿನ ಚೌಕಗಳೊಳಗೆ ಗಿಣ್ಣನ್ನೂ ಸೊಪ್ಪನ್ನೂ ತುಂಬಿ ನೀರಿನಲ್ಲಿ ಒಂದೆರಡು ನಿಮಿಷ ಕುದಿಸುತ್ತಾರೆ. ರಾವ್ಯೋಲ್ ಎಂದು ಹೆಸರು. ನಮ್ಮ ಕಡುಬಿನ ಮೊಮ್ಮಗನೆನ್ನಬಹುದು.

ಸರಿ, ದಾರಿಗೆ ಬರೋಣ. ಕೊರಕಲಿನ ಬಾಗಿಲಲ್ಲಿ ಪೋಂತಾಂ ರ್ವಾಯಾಂ ಎಂಬ ಹಳ್ಳಿಯಿದೆ. ಬೂರ್ನ್ ನದಿಯ ಮೇಲಕ್ಕೆ ಬಾಗಿ ನೋಡುವಂತೆ ಮನೆಗಳು ಬಂಡೆಗೆ ಅಂಟಿಕೊಂಡಿವೆ. ಮರದ ಮೊಗಸಾಲೆಗಳು ನೀರಿನ ಮೇಲೆ ತೇಲಿದಂತಿವೆ. ಇಲ್ಲಿಂದ ನದಿಯ ಜೊತೆಜೊತೆಗೇ ಹತ್ತುತ್ತ ಹೋದರೆ ಸುಮಾರು 25 ಕಿಲೋಮೀಟರಿನಲ್ಲಿ ವಿಲಾರ್ ದ ಲಾನ್ಸ್ ಎಂಬ ಬೆಟ್ಟದ ಊರು. ಬಿಸಿಲು ಬಂಡೆಯ ಅಂಚಿನಲ್ಲೇ ನಿಲ್ಲುತ್ತದೆ, ಕೆಳಗಿನ ದಾರಿ ತಂಪು. ಕೆಲವೆಡೆ ಬಂಡೆ ತಲೆಯ ಮೇಲೆ ಅರ್ಧ ಚಾವಣಿಯಂತೆ ಬಾಗಿದೆ. ಕೆಲವೆಡೆ ಪೂರಾ ಸುರಂಗವೇ. ಸೈಕಲ್ಲಿಗೆ ದೀಪವಿಲ್ಲದೆ ಇಲ್ಲಿಗೆ ಬರುವುದು ತರವಲ್ಲ.

ಕೋಂಬ್ ಲವಾಲಿನ ರೀತಿ ಬೇರೆ. ಅಲ್ಲಿ ಮೊದಲು ಹೊಲ, ತೋಪು, ಕಾಡುಗಳ ನಡುವೆ ಸುಮ್ಮನೆ ಹತ್ತುತ್ತಿರುತ್ತೀರಿ. ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಒಂದು ಸುರಂಗದಿಂದ ಹೊರಬಂದೊಡನೆ ಎಡಗಡೆಯ ನೆಲ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಮೊಣಕಾಲೆತ್ತರದ ಕಲ್ಲುಕಟ್ಟೆ, ಅದರಾಚೆ ನೂರಾರು ಮೀಟರು ಆಳ, ತಳದಲ್ಲಿ ಕಂಡೂ ಕಾಣದ ತೊರೆ. ಮೋಟಾರಿನಲ್ಲಿ ಬಂದವರು ಗಾಜಿನ ಹಿಂದೆ ಅರೆನಿಮಿಷ ಬೆದರಿ ದಾಟಿಬಿಡುತ್ತಾರೆ. ಗಂಟೆಗೆ ಎಂಟು ಕಿಲೋಮೀಟರಿನಲ್ಲಿ ಹೋಗುವವನಿಗೆ ಬಂಡೆಯಲ್ಲಿ ಉಳಿದಿರುವ ಉಳಿಯ ಗುರುತುಗಳೂ ಮದ್ದಿನ ತೂತುಗಳೂ ಒಂದೊಂದಾಗಿ ಕಾಣುತ್ತವೆ. ಯಾರು ಕಡಿದರೋ ಅವರು ಒಂದು ದಿನದಲ್ಲಿ ಎಷ್ಟು ಕಡಿದಿರಬಹುದೆಂದು ಯೋಚಿಸುವುದಕ್ಕೆ ಹೊತ್ತಿರುತ್ತದೆ. ಬಹುಮಾನವಿಲ್ಲದೆ ಏಕೆ ಹತ್ತುತ್ತಾರೆ ಎಂದು ಕೇಳಿದೆವಲ್ಲ, ಉತ್ತರ ಇದರಲ್ಲಿ ಸ್ವಲ್ಪವಾದರೂ ಇದೆ.

ಮೇಲೆ ಲಾಂತ್ ಕಾಡಿನ ನೆರಳು. ಅದನ್ನು ದಾಟಿದರೆ ವಾಸ್ಯೂ ಎಂಬ ಹಳ್ಳಿಯ ಬಯಲು. ಇಲ್ಲಿ ಸವಾರರು ಸಾಮಾನ್ಯವಾಗಿ ಇಳಿದು ಮೌನವಾಗಿ ನಿಲ್ಲುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿದ್ದಾಗ, ಅವರನ್ನು ಎದುರಿಸಿದ ಸಾವಿರಾರು ತರುಣರು ಈ ಬೆಟ್ಟದ ಮೇಲೆ ನೆಲೆ ಮಾಡಿದರು. ಒಳಕ್ಕೆ ಬರಲು ಇರುವುದೇ ನಾಲ್ಕಾರು ಇಕ್ಕಟ್ಟು ದಾರಿ. ಅವನ್ನು ತಡೆದರೆ ಬೆಟ್ಟವೇ ಕೋಟೆಯೆಂಬುದು ಅವರ ಎಣಿಕೆ. 1944ರ ಜುಲೈ 3ರಂದು ಇಲ್ಲಿ ಸ್ವತಂತ್ರ ಗಣರಾಜ್ಯವನ್ನೂ ಸಾರಿದರು. ಜುಲೈ 21ರಂದು ಶತ್ರು ಕೊರಕಲಿನ ದಾರಿಯನ್ನೇ ನೆಚ್ಚಿಕೊಳ್ಳಲಿಲ್ಲ. ಎಂಜಿನಿಲ್ಲದ ಗ್ಲೈಡರು ವಿಮಾನಗಳು ಸದ್ದಿಲ್ಲದೆ ವಾಸ್ಯೂ ಬಯಲಿಗೆ ಇಳಿದವು. ಹಳ್ಳಿ ಉರಿಯಿತು. ಪಕ್ಕದ ಲಾ ಶಪೆಲ್ ಎಂಬಲ್ಲಿ 16 ಮಂದಿ ಯುವಕರನ್ನು ಒಂದು ಮನೆಯ ಅಂಗಳದಲ್ಲಿ ನಿಲ್ಲಿಸಿ ಗುಂಡಿಕ್ಕಿದರು. ಆ ಹೋರಾಟದಲ್ಲಿ ಸತ್ತವರು ಸುಮಾರು 840 ಮಂದಿ. ಅವರಲ್ಲಿ ಸುಮಾರು 200 ಮಂದಿ ಆಯುಧ ಹಿಡಿಯದ ಹಳ್ಳಿಗರು. ಹಳ್ಳಿಯನ್ನು ಆಮೇಲೆ ಹೊಸದಾಗಿ ಕಟ್ಟಿದರು. ಹತ್ತಿರದಲ್ಲಿಯೇ ಬಿಳಿಯ ಗುರುತುಗಳ ಸಾಲು ಸಾಲು ಸಮಾಧಿಗಳಿವೆ.

ಇಲ್ಲಿಂದ ದಕ್ಷಿಣಕ್ಕೆ ನಡೆದರೆ ಕೋಲ್ ದ ರೂಸೆ, ಎತ್ತರ 1,254 ಮೀಟರು. ಅದರ ಕೆಳಗೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಸುರಂಗ. ಈ ಕಡೆ ಕಾಡು, ಮಂಜು, ತಂಪು. ಆ ಕಡೆ ಹೊರಬಿದ್ದರೆ ಬಿಸಿಲು, ಬೋಳುಗಲ್ಲು, ದೂರದಲ್ಲಿ ದ್ರಾಕ್ಷಿಯ ತೋಟ. ಒಂದೇ ಬೆಟ್ಟಕ್ಕೆ ಎರಡು ದೇಶದ ಹವೆ. ಡೀ ಎಂಬ ಊರಿಗೆ ಇಳಿಯುವ 20 ಕಿಲೋಮೀಟರು ದಾರಿ ಹಾವಿನಂತೆ ಸುತ್ತಿ ಸುತ್ತಿ ಹೋಗುತ್ತದೆ. ಇಳಿಯುವುದು ಸುಲಭವೆಂದು ತಿಳಿಯಬೇಡಿ. ಹತ್ತುವಾಗ ಕಾಲಿಗೆ ಪರೀಕ್ಷೆಯಾದರೆ ಇಳಿಯುವಾಗ ತಲೆಗೆ. ನಾನೂರು ಕೊಡ ಸೇದಿ ಕೂಡಿಟ್ಟ ಶಕ್ತಿಯೆಲ್ಲ ಈಗ ಬ್ರೇಕಿನ ರಬ್ಬರಿನಲ್ಲಿ ಶಾಖವಾಗಿ ಹೋಗಬೇಕು. ಬ್ರೇಕನ್ನು ಸತತವಾಗಿ ಒತ್ತಿ ಹಿಡಿದರೆ ರಿಮ್ಮು ಕಾದು ಟ್ಯೂಬು ಸಿಡಿಯುವುದೂ ಉಂಟು. ತಿಳಿದವರು ತಿರುವಿಗೆ ಮುಂಚೆಯೇ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಸಡಿಲ ಬಿಟ್ಟು, ಗಾಲಿ ತಣಿಯಲು ಅವಕಾಶ ಕೊಡುತ್ತಾರೆ. ಬೆವೆತ ಮೈಗೆ ಇಳಿಜಾರಿನ ಗಾಳಿ ಒಳ್ಳೆಯದಲ್ಲ. ಸುರಂಗದ ಬಾಯಲ್ಲೇ ಕೋಟು ಹಾಕಿಕೊಳ್ಳಬೇಕು. ವೆಲೊಸಿಯೊನ ನಿಯಮ ನೆನಪಿದೆಯಷ್ಟೆ.

ಇನ್ನೊಂದು ಮಾತು ಉಳಿದಿದೆ. ಬಂಡೆಯನ್ನು ಕಡಿದವರಿಗೆ ಬಂಡೆ ಪೂರ್ಣವಾಗಿ ಸೋತಿಲ್ಲ. ಚಳಿಗಾಲದಲ್ಲಿ ಬಿರುಕುಗಳೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ವಸಂತದಲ್ಲಿ ಅದು ಕರಗಿದಾಗ ಕಲ್ಲುಗಳು ಸಡಿಲವಾಗಿ ದಾರಿಗೆ ಉರುಳುತ್ತವೆ. ಬೂರ್ನ್ ಕೊರಕಲಿನ ದಾರಿಯನ್ನು ಈ ಕಾರಣದಿಂದ ಹಲವು ಸಲ ಮುಚ್ಚಿದ್ದಾರೆ. ಹೊರಡುವ ಮುಂಚೆ ದಾರಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಅಲ್ಲಿನ ಸವಾರರ ವಾಡಿಕೆ. ಎಲ್ಲಕ್ಕಿಂತ ಮೊದಲು ಕಡಿದ ದಾರಿಗಳಲ್ಲೊಂದಾದ ಗ್ರಾಂ ಗೂಲೆಯ ಗತಿ ಇನ್ನೂ ಖೇದಕರ. ಕಲ್ಲು ಬಿದ್ದು ಪ್ರಾಣಹಾನಿಯಾಗುವ ಭಯದಿಂದ ಅದನ್ನು 2005ರಲ್ಲಿ ಮುಚ್ಚಿಯೇಬಿಟ್ಟರು. 2008ರಲ್ಲಿ ಅದರ ಬದಲು ಬೆಟ್ಟದ ಒಳಗೆ ಸುಮಾರು 1.7 ಕಿಲೋಮೀಟರಿನ ಹೊಸ ಸುರಂಗ ತೆರೆಯಿತು. ಮೋಟಾರುಗಳು ಈಗ ಎರಡು ನಿಮಿಷದಲ್ಲಿ ದೀಪದ ಬೆಳಕಿನಲ್ಲಿ ದಾಟಿಹೋಗುತ್ತವೆ. ಒಂದೂವರೆ ಶತಮಾನ ದಿಮ್ಮಿಯ ಗಾಡಿ, ಕುದುರೆಯ ಸಾರೋಟು, ಸೈಕಲ್ಲು, ಬಸ್ಸುಗಳನ್ನು ಹೊತ್ತ ಹಳೆಯ ದಾರಿ ಹೊರಗಡೆ ಬಂಡೆಯ ಮಗ್ಗುಲಲ್ಲಿ ಹಾಗೆಯೇ ಇದೆ. ಅದರ ಎರಡು ತುದಿಗಳಿಗೂ ಅಡ್ಡಗಟ್ಟೆ ಹಾಕಿದ್ದಾರೆ.